ನೈಟ್ ಡ್ಯೂಟಿ ಟಿಪ್ಪಣಿಗಳು – 17: ‘ನರ್ಸ್’ ಅನ್ನೋ ಪದ ಎಲ್ಲಿಂದ ಬಂತು?

ಎರಡು ವಾರ ಬರೆಯಲು ಆಗಲಿಲ್ಲ, ಕ್ಷಮಿಸಿ. ಸಾಲಾಗಿ ನಾಲ್ಕು ನೈಟ್, ಅದು ಮುಗಿಯುವಷ್ಟರಲ್ಲಿ ಮಗಳಿಗೆ ಜ್ವರ. ಕಳೆದ ಭಾಗ ಓದಿದ ಹಿರಿಯರೊಬ್ಬರು ಕೇಳಿದ್ದರು: “ಏನಮ್ಮಾ, ಇಷ್ಟೆಲ್ಲ ಬರೀತೀಯಲ್ಲ, ನರ್ಸ್ ಅಂದ್ರೆ ಮೂಲದಲ್ಲಿ ಏನರ್ಥ? ನಾವೆಲ್ಲ ಸಿಸ್ಟರ್ ಅಂತಿದ್ವಲ್ಲ, ಅದ್ಯಾಕೆ?” ಉತ್ತರ ಕೊಡಲು ಕೂತರೆ ಅದು ಇಷ್ಟುದ್ದ ಆಯಿತು. ಚಹಾ ಇಟ್ಟುಕೊಂಡು ಓದಿ.

ಮೊದಲು ಒಂದು ನಗೆಪಾಟಲಿನ ಕಥೆ. ಕೆನಡಾಕ್ಕೆ ಬಂದು ಇನ್ನೂ ಮೂರು ವಾರ ಆಗಿರಲಿಲ್ಲ. ಮಿಸಿಸಾಗಾದ ಒಂದು ಮಾಲ್‌ನಲ್ಲಿ ನಮ್ಮ ಯಜಮಾನರ ಕೈ ಗಾಡಿಗೆ ಸಿಕ್ಕಿ ತರಚಿತು. ಬ್ಯಾಂಡೇಜ್ ಸಿಗುತ್ತಾ ಅಂತ ಸುತ್ತ ನೋಡಿದರೆ ‘ನರ್ಸಿಂಗ್ ರೂಮ್’ ಅಂತ ಬೋರ್ಡ್. ನನಗೋ ತವರುಮನೆ ಕಂಡಷ್ಟು ಸಂತೋಷ. ಒಳಗೆ ಒಬ್ಬ ನರ್ಸ್ ಇರುತ್ತಾರೆ, ಪಟ್ಟಿ ಕಟ್ಟಿಸಿಕೊಂಡು, ಹಾಗೇ ಇಲ್ಲಿ ಲೈಸೆನ್ಸ್ ತಗೊಳ್ಳೋದು ಹೇಗೆ ಅಂತಲೂ ಕೇಳೋಣ ಅಂತ ಯಜಮಾನರ ಕೈ ಹಿಡಿದು ಎಳೆದುಕೊಂಡೇ ಹೋದೆ. ಬಾಗಿಲು ತೆಗೆದರೆ ಇಬ್ಬರು ತಾಯಂದಿರು ಮಕ್ಕಳಿಗೆ ಹಾಲೂಡಿಸುತ್ತಾ ಕೂತಿದ್ದಾರೆ! “ಸಾರಿ, ಸಾರಿ” ಅನ್ನುತ್ತಾ ಹಿಂದಕ್ಕೆ ಓಡಿ ಬಂದೆವು. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದವಳಿಗೆ ನರ್ಸಿಂಗ್ ಅಂದರೆ ಹಾಲೂಡಿಸುವುದು ಅಂತ ಆ ಹೊತ್ತಿಗೆ ನೆನಪಿಗೇ ಬರಲಿಲ್ಲ.

ಆದರೆ ಆ ಬೋರ್ಡ್ ಬರೆದವರದ್ದೇ ಸರಿ. ಆ ಪದದ ಹಳೆಯ ಅರ್ಥ ಅದೇ. ಲ್ಯಾಟಿನ್‌ನಲ್ಲಿ ‘ನುಟ್ರಿರೆ’ ಅಂದರೆ ಹಾಲೂಡಿಸು, ಉಣಿಸಿ ಬೆಳೆಸು. ಅದರಿಂದ ‘ನುಟ್ರಿಕ್ಸ್’, ಅಂದರೆ ಹಾಲೂಡಿಸುವವಳು. ಹಳೆಯ ಫ್ರೆಂಚ್‌ನಲ್ಲಿ ಅದು ‘ನೊರೀಸ್’ ಆಯಿತು. ಇಂಗ್ಲೆಂಡಿಗೆ ಬಂದು ‘ನೂರಿಸ್’ ಆಗಿ, ಸವೆದು ಸವೆದು ‘ನರ್ಸ್’ ಆಯಿತು. ನಾವು ಡಯಟ್ ಚಾರ್ಟ್‌ನಲ್ಲಿ ಬರೆಯುವ ‘ನ್ಯೂಟ್ರಿಷನ್’, ಮಕ್ಕಳು ಹೋಗುವ ‘ನರ್ಸರಿ’, ಸಸಿ ಮಾರುವ ‘ನರ್ಸರಿ’, ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಶೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ ನಾಟಕದಲ್ಲಿ ‘ನರ್ಸ್’ ಅಂತಲೇ ಒಂದು ಪಾತ್ರವಿದೆ. ಆಕೆ ಯಾವ ರೋಗಿಯನ್ನೂ ನೋಡಿಕೊಳ್ಳುವುದಿಲ್ಲ. ಜೂಲಿಯೆಟ್‌ಗೆ ಮೊಲೆಯೂಡಿಸಿ ಸಾಕಿದವಳು.

ಇನ್ನು ನಮ್ಮ ಕನ್ನಡಕ್ಕೆ ಬನ್ನಿ. ಪಠ್ಯಪುಸ್ತಕದಲ್ಲಿ ನರ್ಸ್‌ಗೆ ‘ದಾದಿ’ ಅಂತ ಬರೆಯುತ್ತಾರಲ್ಲ, ಅದು ಸಂಸ್ಕೃತದ ‘ಧಾತ್ರಿ’ಯಿಂದ ಬಂದ ಪದ. ಧಾತ್ರಿ ಅಂದರೂ ಹಾಲೂಡಿಸುವ ಸಾಕುತಾಯಿ! ಹಸುವಿಗೆ ‘ಧೇನು’ ಅನ್ನುತ್ತೇವಲ್ಲ, ಅದೂ ಅದೇ ಧಾತುವಿನಿಂದ ಬಂದದ್ದು. ಇಂಗ್ಲಿಷಿನ ‘ಫೀಮೇಲ್’ ಪದದ ಹಿಂದಿರುವ ಲ್ಯಾಟಿನ್ ಪದವೂ ಭಾಷಾಶಾಸ್ತ್ರಜ್ಞರ ಪ್ರಕಾರ ಇದೇ ಬೇರಿನದು. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ನನ್ನ ಕೆಲಸಕ್ಕೆ ಹೆಸರು ಹುಡುಕುವಾಗ ಎರಡೂ ಹೋಗಿ ನಿಂತದ್ದು ಎದೆಹಾಲಿನ ಹತ್ತಿರ. ಇದು ಗೊತ್ತಾದ ದಿನ ನಾನು ಬ್ರೇಕ್ ರೂಮಿನಲ್ಲಿ ಒಬ್ಬಳೇ ಕೂತು ನಕ್ಕಿದ್ದೆ.

ಹಾಗಾದರೆ ಹಾಲೂಡಿಸುವವಳು ರೋಗಿಯ ಹಾಸಿಗೆ ಪಕ್ಕಕ್ಕೆ ಬಂದಿದ್ದು ಯಾವಾಗ? ಇಂಗ್ಲಿಷಿನಲ್ಲಿ ‘ರೋಗಿಯನ್ನು ನೋಡಿಕೊಳ್ಳುವವಳು’ ಅನ್ನುವ ಅರ್ಥ ಬಳಕೆಗೆ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಮೊದಲು ಯುರೋಪಿನಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಬಹಳ ಮಂದಿ ಕ್ರೈಸ್ತ ಸನ್ಯಾಸಿನಿಯರು. ಸನ್ಯಾಸಿನಿಯನ್ನು ಕರೆಯುವುದು ‘ಸಿಸ್ಟರ್’ ಅಂತ. ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ನಮ್ಮ ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನೇ ನೋಡಿ, 1886ರಲ್ಲಿ ಅದನ್ನು ಶುರು ಮಾಡಿದವರು ಗುಡ್ ಶೆಫರ್ಡ್ ಪಂಥದ ಸಿಸ್ಟರ್‌ಗಳು. ಇಲ್ಲಿ ಟೊರಾಂಟೋದ ಸೇಂಟ್ ಮೈಕಲ್ಸ್ ಆಸ್ಪತ್ರೆಯೂ ಹಾಗೆಯೇ, 1892ರಲ್ಲಿ ಸೇಂಟ್ ಜೋಸೆಫ್ ಪಂಥದ ಸಿಸ್ಟರ್‌ಗಳು ಕಟ್ಟಿದ್ದು. ಬ್ರಿಟಿಷರ ಆಸ್ಪತ್ರೆಗಳಲ್ಲಿ ವಾರ್ಡಿನ ಮೇಲ್ವಿಚಾರಕಿಯನ್ನೂ ಸಿಸ್ಟರ್ ಅನ್ನುವ ರೂಢಿ ಬಂತು. ನಮ್ಮ ಜನ ಉದಾರಿಗಳು, ಆ ಭೇದವೆಲ್ಲ ನೋಡದೆ ಬಿಳಿ ಬಟ್ಟೆ ತೊಟ್ಟವರೆಲ್ಲ ಸಿಸ್ಟರ್ ಅಂದರು. ಗಂಡಸರು ಈ ಕೆಲಸಕ್ಕೆ ಬಂದಾಗಲೂ ತಲೆ ಕೆಡಿಸಿಕೊಳ್ಳಲಿಲ್ಲ, ‘ಬ್ರದರ್’ ಅಂದುಬಿಟ್ಟರು.

ಇಂಗ್ಲೆಂಡಿನಲ್ಲಿ 1530ರ ದಶಕದಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ. ಮಠಗಳ ಜೊತೆ ಅವುಗಳ ಆಸ್ಪತ್ರೆಗಳೂ ಹೋದವು. ಮುಂದೆ ರೋಗಿಗಳ ಚಾಕರಿ ಬಡ ಹೆಂಗಸರ ಕೂಲಿ ಕೆಲಸವಾಯಿತು. ತರಬೇತಿ ಇಲ್ಲ, ಮರ್ಯಾದೆ ಇಲ್ಲ. 1843–44ರಲ್ಲಿ ಡಿಕನ್ಸ್ ‘ಮಾರ್ಟಿನ್ ಚಸಲ್‌ವಿಟ್’ ಕಾದಂಬರಿಯಲ್ಲಿ ಸೇರಾ ಗ್ಯಾಂಪ್ ಅನ್ನುವ ಕುಡುಕಿ ನರ್ಸನ್ನು ಚಿತ್ರಿಸಿದ. ಜನ ನಕ್ಕರು, ಯಾಕೆಂದರೆ ಅಂಥವರು ಅವರಿಗೆ ಪರಿಚಿತರು. ಆ ಮಾತಿಗೆ ಗೌರವ ತರಲು ಫ್ಲಾರೆನ್ಸ್ ನೈಟಿಂಗೇಲ್ ಬರಬೇಕಾಯಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ತರಬೇತಿ ಶಾಲೆ ಶುರುವಾಯಿತು. ತಮಾಷೆ ಏನೆಂದರೆ ಸ್ವತಃ ನೈಟಿಂಗೇಲ್‌ಗೆ ‘ನರ್ಸಿಂಗ್’ ಪದ ಅಷ್ಟೇನೂ ಹಿಡಿಸಿರಲಿಲ್ಲ. ಇದಕ್ಕಿಂತ ಒಳ್ಳೆಯ ಪದ ಸಿಗಲಿಲ್ಲವೆಂದು ಇದನ್ನೇ ಬಳಸುತ್ತಿರುವುದಾಗಿ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಔಷಧಿ ಕೊಟ್ಟು ಪಟ್ಟು ಹಾಕುವುದಷ್ಟೇ ನರ್ಸಿಂಗ್ ಅಲ್ಲ; ಗಾಳಿ, ಬೆಳಕು, ಶುಚಿ, ನಿಶ್ಶಬ್ದ, ಊಟ ಎಲ್ಲವೂ ಅದರಲ್ಲಿ ಸೇರಬೇಕು ಅನ್ನುವುದು ಅವರ ವಾದ.

ಕೆನಡಾದ ಕಥೆಯೂ ಸಿಸ್ಟರ್‌ಗಳಿಂದಲೇ ಶುರು. 1639ರಲ್ಲಿ ಫ್ರಾನ್ಸಿನಿಂದ ಮೂವರು ಅಗಸ್ಟೀನಿಯನ್ ಸನ್ಯಾಸಿನಿಯರು ಹಡಗಿನಲ್ಲಿ ಕ್ವಿಬೆಕ್‌ಗೆ ಬಂದು ಆಸ್ಪತ್ರೆ ತೆರೆದರು. ಮಾಂಟ್ರಿಯಾಲ್‌ನಲ್ಲಿ ಆಸ್ಪತ್ರೆ ಕಟ್ಟಿದ ಜಾನ್ ಮಾನ್ಸ್ ಸನ್ಯಾಸಿನಿಯಲ್ಲ, ಆದರೂ ಇಡೀ ಊರಿನ ಸಂಸ್ಥಾಪಕರಲ್ಲಿ ಒಬ್ಬರು ಎಂದು ಆಕೆಯನ್ನು ಇಂದಿಗೂ ನೆನೆಯುತ್ತಾರೆ. ತರಬೇತಿ ಶಾಲೆ ಅಂತ ಮೊದಲು ಶುರುವಾದದ್ದು 1874ರಲ್ಲಿ, ನಾವೆಲ್ಲ ನಯಾಗರಾ ನೋಡಲು ಹೋಗುವಾಗ ದಾಟುವ ಸೇಂಟ್ ಕ್ಯಾಥರೀನ್ಸ್ ಊರಿನಲ್ಲಿ. 1881ರಲ್ಲಿ ಟೊರಾಂಟೋ ಜನರಲ್ ಆಸ್ಪತ್ರೆಯ ಶಾಲೆ ಬಂತು. ಅದೇ ಸೇಂಟ್ ಕ್ಯಾಥರೀನ್ಸ್‌ನಲ್ಲಿ ಹುಟ್ಟಿದ ಮೇರಿ ಆಗ್ನೆಸ್ ಸ್ನೈವ್ಲಿ, ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ ತರಬೇತಿ ಪಡೆದು 1884ರಲ್ಲಿ ಈ ಶಾಲೆಯ ಮುಖ್ಯಸ್ಥೆಯಾದರು. 1910ರವರೆಗೆ ನಡೆಸಿದರು. 1908ರಲ್ಲಿ ಕೆನಡಾದ ನರ್ಸ್‌ಗಳ ರಾಷ್ಟ್ರೀಯ ಸಂಘದ ಮೊದಲ ಅಧ್ಯಕ್ಷೆ ಅವರೇ.

ಮೊದಲ ಮಹಾಯುದ್ಧದಲ್ಲಿ ಕೆನಡಾ ಸೈನ್ಯದ ನರ್ಸ್‌ಗಳ ಅಧಿಕೃತ ಹೆಸರೇ ‘ನರ್ಸಿಂಗ್ ಸಿಸ್ಟರ್’. ನೀಲಿ ಉಡುಪು, ಬಿಳಿ ಮುಸುಕು. ಸೈನಿಕರು ‘ಬ್ಲೂಬರ್ಡ್ಸ್’ ಅನ್ನುತ್ತಿದ್ದರು. ಅವರಿಗೆ ಲೆಫ್ಟಿನೆಂಟ್ ದರ್ಜೆ ಇತ್ತು. 1917ರಲ್ಲಿ ಸೈನಿಕರಿಗೆ ಮತದಾನದ ಕಾಯ್ದೆ ಬಂದಾಗ ಇವರೂ ಅದರಡಿ ಬಂದರು. ಹೀಗೆ ಕೆನಡಾದ ಕೇಂದ್ರ ಚುನಾವಣೆಯಲ್ಲಿ ಮೊದಲು ಮತ ಹಾಕಿದ ಹೆಂಗಸರು ಈ ನರ್ಸ್‌ಗಳು. ಮರುವರ್ಷ, 1918ರ ಜೂನ್ 27ರಂದು, ಲ್ಯಾಂಡೊವರಿ ಕಾಸಲ್ ಎಂಬ ಆಸ್ಪತ್ರೆ ಹಡಗನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿತು. ಅದರಲ್ಲಿದ್ದ 14 ಮಂದಿ ನರ್ಸಿಂಗ್ ಸಿಸ್ಟರ್‌ಗಳಲ್ಲಿ ಒಬ್ಬರೂ ಉಳಿಯಲಿಲ್ಲ.

ಆದರೆ ಈ ಪದ ಎಲ್ಲರಿಗೂ ಸಿಗುತ್ತಿರಲಿಲ್ಲ. ನಮ್ಮನೆಯಿಂದ ಸುಮಾರು ಒಂದು ಗಂಟೆ ದಾರಿ, ಬ್ರಾಂಟ್‌ಫರ್ಡ್ ಹತ್ತಿರ ಸಿಕ್ಸ್ ನೇಷನ್ಸ್ ಎಂಬ ಮೂಲನಿವಾಸಿಗಳ ನೆಲೆಯಿದೆ. ಅಲ್ಲಿ 1890ರಲ್ಲಿ ಹುಟ್ಟಿದ ಈಡಿತ್ ಆಂಡರ್ಸನ್‌ಗೆ ನರ್ಸ್ ಆಗುವ ಆಸೆ. ಮೂಲನಿವಾಸಿ ಎಂಬ ಕಾರಣಕ್ಕೆ ಕೆನಡಾದಲ್ಲಿ ಓದಲು ದಾರಿ ಸಿಗಲಿಲ್ಲ. ನ್ಯೂಯಾರ್ಕ್ ರಾಜ್ಯದ ನ್ಯೂ ರೋಶೆಲ್‌ಗೆ ಹೋಗಿ 1914ರಲ್ಲಿ ಪಾಸಾದರು, ತರಗತಿಗೇ ಮೊದಲಿಗರಾಗಿ. ಯುದ್ಧದಲ್ಲಿ ಅಮೆರಿಕದ ಸೈನ್ಯದ ಪರವಾಗಿ ಫ್ರಾನ್ಸಿನಲ್ಲಿ ಗಾಯಾಳುಗಳ ಸೇವೆ ಮಾಡಿ, ಮತ್ತೆ ತಮ್ಮ ನೆಲಕ್ಕೇ ಬಂದು ಕೆಲಸ ಮಾಡಿದರು. ಕೆನಡಾದ ಮೊದಲ ಮೂಲನಿವಾಸಿ ನರ್ಸ್ ಎಂದು ಇಂದು ಅವರನ್ನು ಗೌರವಿಸುತ್ತಾರೆ. ನೂರಾ ಐದು ವರ್ಷ ಬದುಕಿ 1996ರಲ್ಲಿ ತೀರಿಕೊಂಡರು.

ಈಡಿತ್ ಅವರ ಕಥೆ ಮೊದಲ ಸಲ ಓದಿದಾಗ ನನ್ನ ಎದೆ ಒಮ್ಮೆ ಹಿಂಡಿತು. ನನ್ನದು ಅವರ ಕಷ್ಟದ ಕಾಲುಭಾಗವೂ ಅಲ್ಲ. ಆದರೂ ಹೇಳುತ್ತೇನೆ.

ಒಂಟಾರಿಯೋದಲ್ಲಿ 1991ರ ನರ್ಸಿಂಗ್ ಕಾಯ್ದೆ ಪ್ರಕಾರ ‘ನರ್ಸ್’ ಅನ್ನುವುದು ಕಾನೂನು ಕಾಪಾಡುವ ಪದ. ಕಾಲೇಜ್ ಆಫ್ ನರ್ಸಸ್‌ನಲ್ಲಿ ನೋಂದಣಿ ಆಗದವರು ಆ ಹೆಸರನ್ನು ತಮಗೆ ಬಳಸಿಕೊಳ್ಳುವ ಹಾಗಿಲ್ಲ. ಊರಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ನೂರಾರು ರೋಗಿಗಳಿಗೆ ಸಿಸ್ಟರ್ ಆಗಿದ್ದೆ. ಪಿಯರ್ಸನ್ ಏರ್‌ಪೋರ್ಟಿನಲ್ಲಿ ಇಳಿದ ದಿನದಿಂದ ನಾನು ನರ್ಸ್ ಅಲ್ಲ. ಕಾಗದಪತ್ರದ ಪರಿಶೀಲನೆ, ಇಂಗ್ಲಿಷ್ ಪರೀಕ್ಷೆ, ಎನ್‌ಕ್ಲೆಕ್ಸ್ ಎಲ್ಲ ಮುಗಿಯಲು ನನಗೆ 2 ವರ್ಷ 8 ತಿಂಗಳು ಹಿಡಿಯಿತು. ಅಷ್ಟು ದಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಪಿಎಸ್‌ಡಬ್ಲ್ಯೂ, ಅಂದರೆ ಪರ್ಸನಲ್ ಸಪೋರ್ಟ್ ವರ್ಕರ್ ಆಗಿದ್ದೆ. ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಊಟ ಮಾಡಿಸುವುದು.

ನರ್ಸಿಂಗ್ ಹೋಮ್ ಅಂದೆ ನೋಡಿ, ಅದರಲ್ಲೂ ಒಂದು ಎಡವಟ್ಟು. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಇಲ್ಲಿ ಅದು ಕೈಲಾಗದ ವಯಸ್ಸಾದವರು ಕೊನೆತನಕ ಇರುವ ಮನೆ. ಫೋನಿನಲ್ಲಿ ಅಮ್ಮನಿಗೆ “ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಸಿಕ್ತು” ಅಂದೆ. ಅಮ್ಮ “ದಿನಾ ಎಷ್ಟು ಹೆರಿಗೆ ಇರ್ತವೆ?” ಅಂತ ಕೇಳಿದರು. ಹೇಳಲು ಬಾಯಿ ಬರಲಿಲ್ಲ. ಅಮ್ಮ ಅರಸೀಕೆರೆಯ ನೆಂಟರಿಗೆಲ್ಲ “ಮಗಳು ಕೆನಡಾದಲ್ಲಿ ನರ್ಸ್” ಅಂತ ಹೇಳಿಕೊಂಡು ಓಡಾಡುತ್ತಿದ್ದರು. ನಾನು ತಿದ್ದಲಿಲ್ಲ. ಅಲ್ಲಿ ಹಾಸಿಗೆಯಿಂದ ಅಜ್ಜಿಯರು “ನರ್ಸ್!” ಅಂತ ಕೂಗಿದಾಗ ಮಾತ್ರ ದಿನಕ್ಕೆ ಇಪ್ಪತ್ತು ಸಲ ತಿದ್ದುತ್ತಿದ್ದೆ: “ನಾನು ನರ್ಸ್ ಅಲ್ಲ, ನರ್ಸನ್ನ ಕರೀತೀನಿ.”

ಈ ಕಾನೂನು ತಪ್ಪು ಅಂತ ನಾನು ಹೇಳುವುದಿಲ್ಲ. ಸೇರಾ ಗ್ಯಾಂಪ್‌ಳ ಕಥೆ ನೆನಪಿದ್ದರೆ ಗೊತ್ತಾಗುತ್ತದೆ, ಹೆಸರಿಗೆ ಬೇಲಿ ಯಾಕೆ ಬೇಕು ಅಂತ. ನನ್ನಮ್ಮ ಹಾಸಿಗೆ ಹಿಡಿದರೆ ಹತ್ತಿರ ಬರುವವರು ಓದಿದವರೋ ಅಲ್ಲವೋ ಅಂತ ನನಗೂ ಗೊತ್ತಾಗಬೇಕು. ಆದರೆ ಬೇಲಿಯ ಹೊರಗೆ ನಿಂತವರಿಗೆ ಆ ಪದ ಎಷ್ಟು ಭಾರ ಅನ್ನುವುದೂ ಅಷ್ಟೇ ನಿಜ.

ಆಗ ಒಂದು ರಾತ್ರಿ ನಡೆದದ್ದು. (ವಿವರ ಬದಲಿಸಿದ್ದೇನೆ.) ಒಬ್ಬ ಅಜ್ಜಿ, ಸಕ್ಕರೆ ಕಾಯಿಲೆ ಇರುವವರು, ನಿದ್ದೆಯಿಂದ ಎಬ್ಬಿಸಿದರೆ ಮೈಯೆಲ್ಲ ತಣ್ಣನೆ ಬೆವರು, ಮಾತು ತೊದಲು. ಶುಗರ್ ಇಳಿದಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಆದರೆ ತೀರ್ಮಾನ ನನ್ನದಲ್ಲ. ಓಡಿ ಹೋಗಿ ನರ್ಸ್‌ಗೆ ಹೇಳಿದೆ. ಆಕೆ ಅರವತ್ತರ ಹತ್ತಿರದವರು, ಜಮೈಕಾ ಮೂಲದವರು. ಅಷ್ಟೂ ಕೆಲಸದ ಮಧ್ಯೆ ಕೈಯಲ್ಲಿದ್ದ ಪೆನ್ ಕೆಳಗಿಟ್ಟು, ನನ್ನ ಮುಖ ನೋಡಿ, “ನೀನು ಏನು ನೋಡಿದೆ, ಹೇಳು” ಅಂದರು. ಚುಚ್ಚಿ ನೋಡಿದರೆ 2.6. ನಮ್ಮೂರ ಲೆಕ್ಕದಲ್ಲಿ 47. ಜ್ಯೂಸ್ ಕುಡಿಸಿ, ಕಾದು, ಮತ್ತೆ ನೋಡಿ, ಅಜ್ಜಿ ಸರಿಹೋದರು. ಬೆಳಿಗ್ಗೆ ಆಕೆ “ನೀನು ಹಿಂದೆ ನರ್ಸ್ ಆಗಿದ್ದೆಯಾ?” ಅಂತ ಕೇಳಿದರು. ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಈ ಪದಕ್ಕೆ ಇನ್ನೂ ಎಷ್ಟು ಅರ್ಥ ಅಂತ ಇಲ್ಲಿಗೆ ಬಂದಮೇಲೆ ಕಲಿತೆ. ಟಿಮ್ ಹಾರ್ಟನ್ಸ್‌ನಲ್ಲಿ ಒಂದೇ ಕಾಫಿಯನ್ನು ಗುಟುಕು ಗುಟುಕಾಗಿ ಎರಡು ಗಂಟೆ ಎಳೆದರೆ ಅದು ಕಾಫಿಯನ್ನು ‘ನರ್ಸ್’ ಮಾಡುವುದು. ಮನಸ್ಸಿನಲ್ಲಿ ಸೇಡನ್ನು ಸಾಕಿಕೊಂಡರೆ ಅದೂ ‘ನರ್ಸ್’ ಮಾಡುವುದೇ. ಹಾಲೂಡಿಸಿ ಬೆಳೆಸುವ ಅರ್ಥ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅಂಟಿಕೊಂಡಿದೆ. ಹೋದ ವರ್ಷ ಅಲ್ಗಾಂಕ್ವಿನ್ ಪಾರ್ಕಿನಲ್ಲಿ ಬಿದ್ದು ಕೊಳೆತ ಮರದ ದಿಮ್ಮಿಯ ಮೇಲೆ ಸಾಲಾಗಿ ಎಳೆ ಸಸಿಗಳು ಎದ್ದಿದ್ದವು. ಅಂಥ ದಿಮ್ಮಿಗೆ ಇಲ್ಲಿ ‘ನರ್ಸ್ ಲಾಗ್’ ಅನ್ನುತ್ತಾರೆ. ತೇವ ಹಿಡಿದಿಟ್ಟು, ಬೇರಿಗೆ ಜಾಗ ಕೊಟ್ಟು ಸಸಿ ಸಾಕುವ ಸತ್ತ ಮರ. ಮಗಳು “ಅಮ್ಮಾ, ಇದೂ ನಿನ್ನ ಹಾಗೆ ನರ್ಸಾ?” ಅಂತ ಕೇಳಿದಳು. ನೈಟ್ ಶಿಫ್ಟ್ ಮುಗಿಸಿ ನೇರ ಕಾರು ಹತ್ತಿದ್ದೆ. ನನ್ನ ಅವಸ್ಥೆಯೂ ಆ ದಿಮ್ಮಿಗಿಂತ ಹೆಚ್ಚೇನೂ ಬೇರೆ ಇರಲಿಲ್ಲ.

ನಮ್ಮಲ್ಲಿ ಇನ್ನೊಂದು ಪದವಿದೆ: ಶುಶ್ರೂಷೆ. ಕರ್ನಾಟಕದ ಸರಕಾರಿ ಆಸ್ಪತ್ರೆಗಳಲ್ಲಿ ಈಗ ಸ್ಟಾಫ್ ನರ್ಸ್‌ಗೆ ‘ಶುಶ್ರೂಷಾಧಿಕಾರಿ’ ಅನ್ನುತ್ತಾರೆ. ನಾಲಿಗೆ ತಿರುಚುವ ಪದ ಅಂತ ನಾವು ಕಾಲೇಜಿನಲ್ಲಿ ನಗುತ್ತಿದ್ದೆವು. ಅದರ ಧಾತು ‘ಶ್ರು’, ಅಂದರೆ ಕೇಳು. ಶ್ರವಣ, ಶ್ರುತಿ ಎಲ್ಲ ಅದರವೇ. ಶುಶ್ರೂಷೆ ಅಂದರೆ ಅಕ್ಷರಶಃ ‘ಕೇಳುವ ಇಚ್ಛೆ’. ಹಿರಿಯರ, ಗುರುಗಳ ಮಾತನ್ನು ಕೇಳಲು ಬಯಸಿ ಹತ್ತಿರ ನಿಲ್ಲುವುದು, ಅದರಿಂದ ಸೇವೆ, ಅದರಿಂದ ರೋಗಿಯ ಸೇವೆ. ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದ ಹೇಳುತ್ತಾರೆ: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃ ಅಂದರೆ ಹತ್ತಿರ ನಿಲ್ಲುವವನು. ಅವನಿಗೆ ಬೇಕಾದ ಗುಣಗಳು ಉಪಚಾರದ ತಿಳಿವಳಿಕೆ, ಚುರುಕುತನ, ಪ್ರೀತಿ, ಶುಚಿ. ಹಾಲೂಡಿಸುವುದು, ಹತ್ತಿರ ನಿಲ್ಲುವುದು, ಕೇಳುವುದು. ಮೂರು ಪದ, ಮೂರು ದಾರಿ, ಹೋಗಿ ಸೇರುವುದು ಒಂದೇ ಹಾಸಿಗೆಗೆ.

ಇದನ್ನೆಲ್ಲ ಬರೆಯುವ ಧೈರ್ಯ ನನಗೆ ಪೂರ್ತಿ ಇಲ್ಲ. ಯಾಕೆಂದರೆ ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ನಾನೇ ಕೇಳಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆ. ಈಗ ನಾನು ಆರ್‌ಎನ್, ಕೊರಳಿನ ಬ್ಯಾಡ್ಜ್‌ನಲ್ಲಿ ಆ ಪದ ದಪ್ಪ ಅಕ್ಷರದಲ್ಲಿದೆ. ನಮ್ಮ ಪಿಎಸ್‌ಡಬ್ಲ್ಯೂ ಬಂದು, “ಆ ರೂಮಿನ ಅಜ್ಜ ಎಂದಿನ ಹಾಗಿಲ್ಲ” ಅಂದಳು. ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ “ಬಿಪಿ ನೋಡಿದ್ದೆ, ಸರಿಯಿತ್ತು. ಹತ್ತು ನಿಮಿಷ, ಬರ್ತೀನಿ” ಅಂದೆ. ಅವಳು ಹೋದಳು. ಐದು ನಿಮಿಷಕ್ಕೆ ಮತ್ತೆ ಬಂದು ಏನೂ ಹೇಳದೆ ಪಕ್ಕದಲ್ಲಿ ನಿಂತಳು. ಆ ನಿಂತ ರೀತಿ ನೋಡಿ ಎದ್ದೆ. ಬಿಪಿ 86ಕ್ಕೆ 50, ನಾಡಿ 118, ಜ್ವರ 38.9. ರ‍್ಯಾಪಿಡ್ ರೆಸ್ಪಾನ್ಸ್ ತಂಡ ಕರೆದೆವು. ರಕ್ತಕ್ಕೆ ಸೋಂಕು ಇಳಿದಿತ್ತು. ಅಜ್ಜ ನಾಲ್ಕು ದಿನ ಐಸಿಯುನಲ್ಲಿದ್ದು ಉಳಿದರು. ಅವಳು ಎರಡನೇ ಸಲ ಬರದಿದ್ದರೆ?

ಬೆಳಿಗ್ಗೆ ಅವಳ ಹತ್ತಿರ ಕ್ಷಮೆ ಕೇಳಿದೆ. ಮಾತಾಡುತ್ತಾ ತಿಳಿಯಿತು, ಅವಳು ಫಿಲಿಪೈನ್ಸ್‌ನಲ್ಲಿ ಎಂಟು ವರ್ಷ ಐಸಿಯು ನರ್ಸ್ ಆಗಿದ್ದವಳು. ಕಾಗದಪತ್ರ ಇನ್ನೂ ನಡೆಯುತ್ತಿದೆ. ಒಂದು ವರ್ಷದಿಂದ ಜೊತೆಗೆ ಕೆಲಸ ಮಾಡುತ್ತಿದ್ದೇವೆ, ನಾನು ಕೇಳಿಯೇ ಇರಲಿಲ್ಲ. ಪೆನ್ ಕೆಳಗಿಟ್ಟ ಆ ಜಮೈಕಾದ ನರ್ಸ್ ನೆನಪಾಗಿ ನಾಚಿಕೆಯಾಯಿತು. ಪದ ನನಗೆ ಸಿಕ್ಕಿತ್ತು, ಅರ್ಥ ಆ ಹತ್ತು ನಿಮಿಷ ನನ್ನ ಹತ್ತಿರ ಇರಲಿಲ್ಲ. ಈಗ ಭಾನುವಾರ ಸಂಜೆ ಇಬ್ಬರೂ ಕೂತು ಅವಳ ಎನ್‌ಕ್ಲೆಕ್ಸ್ ಪ್ರಶ್ನೆಗಳನ್ನು ಬಿಡಿಸುತ್ತೇವೆ.

ಕೊನೆಗೆ ನಮ್ಮೂರಿನ ಮಾತು. ನಾನು ಚಿಕ್ಕವಳಿದ್ದಾಗ ಲಸಿಕೆ ಹಾಕಲು ಸೈಕಲ್‌ನಲ್ಲಿ ಒಬ್ಬರು ಬರುತ್ತಿದ್ದರು. ಊರಿಡೀ ಅವರನ್ನು ಕರೆಯುತ್ತಿದ್ದದ್ದು ‘ನರ್ಸಮ್ಮ’ ಅಂತ. “ನರ್ಸಮ್ಮ ಬಂದ್ರು” ಅಂದರೆ ನಾವು ಮಕ್ಕಳು ಹುಲ್ಲಿನ ಬಣವೆ ಹಿಂದೆ ಮಾಯ. ನಮ್ಮಜ್ಜಿಗೆ ಲ್ಯಾಟಿನ್ ಗೊತ್ತಿರಲಿಲ್ಲ, ಓದು ಬರಹವೂ ಇರಲಿಲ್ಲ. ಆದರೆ ಎಲ್ಲಿಂದಲೋ ಬಂದ ಇಂಗ್ಲಿಷ್ ಪದಕ್ಕೆ ಒಂದು ‘ಅಮ್ಮ’ ಸೇರಿಸಿ, ಅದನ್ನು ಹೊರಟ ಜಾಗಕ್ಕೇ ವಾಪಸ್ ಮುಟ್ಟಿಸಿದ್ದರು.

ನಿಮ್ಮೂರಿನಲ್ಲಿ ಏನಂತ ಕರೆಯುತ್ತಿದ್ದರು, ಹೇಳಿ. ಮುಂದಿನ ಭಾಗದಲ್ಲಿ ‘ಸೂಲಗಿತ್ತಿ’ ಪದದ ಬಗ್ಗೆ, ಮತ್ತು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ಸೀಮೆಯ ನರಸಮ್ಮನವರ ಬಗ್ಗೆ ಬರೆಯುತ್ತೇನೆ. ಇವತ್ತು ನೈಟ್ ಇದೆ, ಒಂದು ಗಂಟೆ ಮಲಗಬೇಕು. ನಮಸ್ಕಾರ.